ಕಚ್ಚಾ ರಸ್ತೆಗಿಳಿದ ಬೈಕಿನ ತಕರಾರು: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಎಸ್ಟೇಟಿನ ಮಣ್ಣುದಾರಿ, ಹೊಲದ ಬಂಡಿಜಾಡು, ಜಲ್ಲಿ ಕಿತ್ತುಬಂದ ಘಾಟಿ, ಮಳೆಗಾಲದ ಸಣ್ಣ ಹಳ್ಳ. ಹೀರೋ ಎಕ್ಸ್‌ಪಲ್ಸ್ 200, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಥರದ ಬೈಕುಗಳು ಇಷ್ಟಕ್ಕೆ ಸಿದ್ಧವಾಗಿಯೇ ಷೋರೂಮಿನಿಂದ ಬರುತ್ತವೆ. ಆದರೂ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಎಲ್ಲೋ ಒಂದು ಸದ್ದು, ಇನ್ನೆಲ್ಲೋ ಒಂದು ಸೋರಿಕೆ ಶುರುವಾಗಿರುತ್ತದೆ. ಇವುಗಳಲ್ಲಿ ಬಹುಪಾಲು ಹುಟ್ಟುವುದು ಕೆಸರು, ನೀರು, ಕುಲುಕಾಟದಿಂದ, ಎಂಜಿನ್ನಿನ ಹೊಟ್ಟೆಯೊಳಗಿಂದಲ್ಲ. ಹಾಗಾಗಿ ಎಂಜಿನ್ ಬಿಚ್ಚುವ ಮಾತಿಗೆ ಮೊದಲು ಹೊರಗಿನದನ್ನು ನೋಡಬೇಕು. ಮೊದಲು ತೊಳೆಯಿರಿ. ಕೆಸರು ಮೆತ್ತಿದ ಬೈಕಿನಲ್ಲಿ ಸೋರಿಕೆಯೂ ಕಾಣದು, ಬಿರುಕೂ ಕಾಣದು.

ಯಾವ ಪರೀಕ್ಷೆಗೂ ಅನ್ವಯಿಸುವ ಎಚ್ಚರಿಕೆ: ಸಮತಟ್ಟಾದ ಗಟ್ಟಿ ನೆಲ, ಎಂಜಿನ್ ಬಂದ್, ಸೈಲೆನ್ಸರ್ ತಣ್ಣಗಾಗಿರಬೇಕು. ಚೈನ್ ಒರೆಸುವಾಗ ಚಕ್ರವನ್ನು ಕೈಯಿಂದಲೇ ತಿರುಗಿಸಿ. ಗೇರಿಗೆ ಹಾಕಿ ಎಂಜಿನ್ನಿನಿಂದ ಚಕ್ರ ತಿರುಗಿಸುತ್ತಾ ಬಟ್ಟೆ ಹಿಡಿಯುವ ಅಭ್ಯಾಸ ಹಲವರಿಗಿದೆ. ಬಟ್ಟೆಯ ಜೊತೆ ಬೆರಳು ಸ್ಪ್ರಾಕೆಟ್ಟಿನೊಳಗೆ (ಚೈನ್ ಕೂರುವ ಹಲ್ಲಿನ ಗಾಲಿ) ಹೋಗುವುದಕ್ಕೆ ಕ್ಷಣವೂ ಬೇಡ.

ಮುಂದಿನ ಚಕ್ರ ಮಾತು ಕೇಳುತ್ತಿಲ್ಲ, ಹ್ಯಾಂಡಲ್ ಅಲುಗುತ್ತದೆ

ಇದು ಟಾರು ರಸ್ತೆಯಲ್ಲೂ ಆಗುತ್ತದೆಯೇ? ಜಲ್ಲಿಯ ಮೇಲೆ ಮಾತ್ರ ಆದರೆ ಬಹುಶಃ ದೋಷವೇ ಇಲ್ಲ. ಸಡಿಲ ಜಲ್ಲಿಯಲ್ಲಿ ಮುಂದಿನ ಚಕ್ರ ಅತ್ತಿತ್ತ ಹುಡುಕಾಡಿಯೇ ತೀರುತ್ತದೆ, ಹ್ಯಾಂಡಲನ್ನು ಬಿಗಿಯಾಗಿ ಹಿಡಿದಷ್ಟೂ ಹೆಚ್ಚು.

ಕಾಸಿಲ್ಲದ ಮೊದಲ ಪರೀಕ್ಷೆ ಗಾಳಿ. ಟೈರ್ ತಣ್ಣಗಿರುವಾಗ, ನಿಮ್ಮದೇ ಗೇಜಿನಲ್ಲಿ ನೋಡಿ. ಕಂಪನಿ ಹೇಳಿದ ಅಳತೆ ಟಾರು ರಸ್ತೆಯದು. ಮಣ್ಣಿಗಿಳಿಯುವಾಗ ಅದಕ್ಕಿಂತ 4ರಿಂದ 6 ಪಿಎಸ್‌ಐ ಇಳಿಸಿದರೆ ಹಿಡಿತ ಗೊತ್ತಾಗುವಷ್ಟು ಸುಧಾರಿಸುತ್ತದೆ. ಟ್ಯೂಬ್ ಇರುವ ಟೈರಿನಲ್ಲಿ 18ಕ್ಕಿಂತ ಕೆಳಗೆ ಹೋಗಬೇಡಿ. ಕಲ್ಲಿಗೆ ರಿಮ್ ತಾಗುತ್ತದೆ, ಟೈರ್ ರಿಮ್ಮಿನ ಮೇಲೆ ಜಾರಿ ಟ್ಯೂಬನ್ನು ಎಳೆದೊಯ್ಯುತ್ತದೆ. ವಾಲ್ವ್ ನೆಟ್ಟಗೆ ನಿಲ್ಲದೆ ಓರೆಯಾಗಿದೆಯೆಂದರೆ ಆ ಜಾರಾಟ ಆಗಲೇ ಶುರುವಾಗಿದೆ. ಮತ್ತೆ ಟಾರಿಗೆ ಹತ್ತಿದ ಮೇಲೆ ಗಾಳಿ ತುಂಬಿಸುವುದನ್ನು ಮರೆಯಬೇಡಿ.

ಗಾಳಿ ಸರಿಯಿದ್ದರೆ ಚಕ್ರದ ಕಡ್ಡಿಗಳಿಗೆ (ಸ್ಪೋಕ್) ಬನ್ನಿ. ಸಣ್ಣ ಸ್ಪ್ಯಾನರಿನಿಂದ ಒಂದೊಂದನ್ನೇ ತಟ್ಟುತ್ತಾ ಚಕ್ರ ತಿರುಗಿಸಿ. ಬಿಗಿಯಾದದ್ದು ‘ಟಿಂಗ್’ ಎನ್ನುತ್ತದೆ, ಸಡಿಲವಾದದ್ದು ‘ಡಬ್’. ಹೊಸ ಬೈಕಿನ ಕಡ್ಡಿಗಳು ಮೊದಲ ಕೆಲವು ನೂರು ಕಿಲೋಮೀಟರ್ ಮಣ್ಣು ಓಟದಲ್ಲಿ ಕೂತುಕೊಂಡು ಸಡಿಲವಾಗುವುದು ಸಹಜ. ಒಂದೆರಡು ಮಾತ್ರ ಸಡಿಲವಿದ್ದರೆ ಸ್ಪೋಕ್ ಕೀಲಿಯಲ್ಲಿ ಕಾಲು ಸುತ್ತಿನಷ್ಟು ಬಿಗಿ ಮಾಡಿ, ಮತ್ತೆ ತಟ್ಟಿ ಕೇಳಿ. ಅಕ್ಕಪಕ್ಕದ ನಾಲ್ಕೈದು ಸಡಿಲವಾಗಿದ್ದರೆ, ಅಥವಾ ರಿಮ್ 2 ಮಿ.ಮೀ.ಗಿಂತ ಹೆಚ್ಚು ಓಲಾಡುತ್ತಿದ್ದರೆ, ಕೈ ಹಾಕಬೇಡಿ. ಅದು ರಿಮ್ ಬೆಂಡ್ ತೆಗೆಯುವವರ ಕೆಲಸ. ಒಂದನ್ನು ಬಿಗಿದರೆ ಎದುರಿನದು ಎಳೆಯುತ್ತದೆ.

ಕೊನೆಗೆ ಬೇರಿಂಗ್. ಎಂಜಿನ್ ಅಡಿಯ ಗಟ್ಟಿ ಭಾಗಕ್ಕೆ ಆಧಾರ ಕೊಟ್ಟು ಮುಂದಿನ ಚಕ್ರ ಎತ್ತಿ. ಹಿಂದೆ ಒಬ್ಬರು ಹಿಡಿದಿರಲಿ. ಹ್ಯಾಂಡಲನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಮೆಲ್ಲಗೆ ತಿರುಗಿಸಿದಾಗ ನಟ್ಟನಡುವೆ ಸಣ್ಣ ಗುಳಿಯೊಳಗೆ ಬಿದ್ದಂತೆ ನಿಂತರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಸವೆದಿದೆ, ಬದಲಾಯಿಸಬೇಕು. ಫೋರ್ಕಿನ (ಮುಂದಿನ ಚಕ್ರ ಹಿಡಿದಿರುವ ಜೋಡಿ ಕೊಳವೆ) ಬುಡ ಹಿಡಿದು ಹಿಂದೆಮುಂದೆ ಎಳೆದಾಗ ‘ಕಟ್’ ಎಂದರೆ ಅದೇ ಕೋನ್ ಸೆಟ್ ಸಡಿಲವಾಗಿದೆ. ಅದಕ್ಕೆ ಬಿಗಿ ಮಾಡಿದರೆ ಸಾಕು, ಆದರೆ ಅತಿ ಬಿಗಿಯಾದರೆ ಬೈಕು ನೇರ ರಸ್ತೆಯಲ್ಲೂ ಹಾವಿನಂತೆ ಹೋಗುತ್ತದೆ. ಟೈರಿನ ಮೇಲ್ಭಾಗ, ಕೆಳಭಾಗ ಹಿಡಿದು ಅಡ್ಡಡ್ಡ ಅಲುಗಿಸಿದಾಗ ಆಟ ಕಂಡರೆ ಚಕ್ರದ ಬೇರಿಂಗ್. ಹಳ್ಳ ದಾಟುವ ಬೈಕುಗಳಲ್ಲಿ ಇದು ಬೇಗ ಹೋಗುತ್ತದೆ. ಬೇರಿಂಗಿನಲ್ಲಿ ಆಟ ಇರುವ ಬೈಕನ್ನು ಗ್ಯಾರೇಜಿನವರೆಗೆ ಮಾತ್ರ, ನಿಧಾನವಾಗಿ ಓಡಿಸಿ.

ಪದೇ ಪದೇ ಪಂಚರ್

ಟ್ಯೂಬಿಗೆ ತೇಪೆ ಹಾಕಿಸುವ ಮೊದಲು ತೂತನ್ನು ಓದಿ. ಕಾರಣ ಅಲ್ಲೇ ಬರೆದಿರುತ್ತದೆ. ಟೈರಿನ ಕಡೆಗಿರುವ ಒಂಟಿ ತೂತು ಮುಳ್ಳಿನದು. ಪಕ್ಕಪಕ್ಕದಲ್ಲಿ ಎರಡು ಸೀಳು ಇದ್ದರೆ ಗಾಳಿ ಕಡಿಮೆಯಿದ್ದು ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಕಚ್ಚಿಕೊಂಡಿದೆ. ರಿಮ್ಮಿನ ಕಡೆಗಿನ ತೂತೆಂದರೆ ಕಡ್ಡಿಯ ತುದಿ ಚುಚ್ಚಿದೆ ಅಥವಾ ರಿಮ್ ಪಟ್ಟಿ ಸರಿದಿದೆ. ವಾಲ್ವಿನ ಬುಡ ಹರಿದಿದ್ದರೆ ಮೇಲೆ ಹೇಳಿದ ಜಾರಾಟ. ಆ ಟ್ಯೂಬಿಗೆ ತೇಪೆ ನಿಲ್ಲದು, ಹೊಸದು ಹಾಕಿ.

ಬಯಲುಸೀಮೆಯಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಟೈರಿನೊಳಗೇ ಮುರಿದುಕೊಂಡು ಉಳಿಯುತ್ತದೆ. ತೇಪೆ ಹಾಕಿದ ಮರುದಿನವೇ ಅದೇ ಜಾಗದಲ್ಲಿ ಗಾಳಿ ಇಳಿಯುವುದು ಇದರಿಂದ. ತೂತಿನ ನೇರಕ್ಕೆ ಟೈರಿನ ಒಳಮೈಯನ್ನು ದಪ್ಪ ಬಟ್ಟೆಯಿಂದ ಸವರಿ. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಮುಳ್ಳು ಅಲ್ಲಿದೆ. ಬರಿಗೈಯಲ್ಲಿ ಸವರಬೇಡಿ.

21 ಇಂಚಿನ ಮುಂದಿನ ಟ್ಯೂಬ್ ಹಳ್ಳಿಯ ಅಂಗಡಿಯಲ್ಲಿ ಸಿಗುವುದು ಅಪರೂಪ, ಒಂದನ್ನು ಜೊತೆಗಿಟ್ಟುಕೊಳ್ಳಿ. ತೀರಾ ಅಡಚಣೆಯಾದರೆ ಅದನ್ನೇ ಹಿಂದಿನ ಟೈರಿಗೆ ಹಾಕಿ ಊರು ಮುಟ್ಟಬಹುದು. ನಿಧಾನವಾಗಿ, ಊರು ಮುಟ್ಟುವವರೆಗೆ ಮಾತ್ರ.

ಚೈನ್ ಕಡೆಯಿಂದ ಕಟಕಟ, ವೇಗ ಹೆಚ್ಚಿಸಿದಾಗ ಜಗ್ಗಾಟ

ಮೊದಲು ತೊಳೆದು ನೋಡಿ. ಅರ್ಧಕ್ಕರ್ಧ ಸದ್ದು ಒಣಗಿದ ಮಣ್ಣಿನದೇ. ಈ ಬೈಕುಗಳ ಚೈನಿನ ಕೊಂಡಿಗಳ ನಡುವೆ ಸಣ್ಣ ರಬ್ಬರ್ ಉಂಗುರಗಳಿವೆ. ಒಳಗಿನ ಗ್ರೀಸನ್ನು ಹಿಡಿದಿಡುವುದು ಅವೇ. ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್, ಮೆತ್ತನೆಯ ಬ್ರಶ್ ಬಳಸಿ. ಪೆಟ್ರೋಲ್, ತಂತಿ ಬ್ರಶ್, ಹತ್ತಿರದಿಂದ ಹಿಡಿದ ಪ್ರೆಷರ್ ವಾಷರ್ ಉಂಗುರಗಳನ್ನು ಹಾಳುಮಾಡುತ್ತವೆ. ಉಂಗುರ ಹೋದ ಕೊಂಡಿಗೆ ಹೊರಗಿನಿಂದ ಎಷ್ಟು ಎಣ್ಣೆ ಸುರಿದರೂ ಒಳಗೆ ಇಳಿಯದು.

ಎಣ್ಣೆ ಹಾಕುವ ಹೊತ್ತೂ ಮುಖ್ಯ. ದೂಳಿಗೆ ಇಳಿಯುವ ಹತ್ತು ನಿಮಿಷ ಮೊದಲು ಅಂಟಂಟಾದ ಚೈನ್ ಲ್ಯೂಬ್ ಹೊಡೆದರೆ ದೂಳೆಲ್ಲ ಅಂಟಿ ಉಪ್ಪುಕಾಗದ ಉಜ್ಜಿದಂತಾಗುತ್ತದೆ. ಓಟ ಮುಗಿದು, ಚೈನ್ ಇನ್ನೂ ಬೆಚ್ಚಗಿರುವಾಗ, ಒರೆಸಿ, ಒಳಬದಿಗೆ ತೆಳ್ಳಗೆ ಹಾಕಿ ರಾತ್ರಿಯಿಡೀ ಬಿಡಿ.

ಸದ್ದು ಹೋಗದಿದ್ದರೆ ಸಡಿಲ ಅಳೆಯಿರಿ. ಕೆಳಗಿನ ಸಾಲಿನ ನಟ್ಟನಡುವೆ ಚೈನನ್ನು ಕೆಳಕ್ಕೆ ಒತ್ತಿ, ಮೇಲಕ್ಕೆ ಎತ್ತಿ, ಎರಡರ ನಡುವಿನ ಅಂತರ ನೋಡಿ. ಎಷ್ಟಿರಬೇಕೆಂದು ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಮೇಲಿನ ಸ್ಟಿಕರಿನಲ್ಲೋ ಮ್ಯಾನುಯಲ್ಲಿನಲ್ಲೋ ಇದೆ. ಊರಿನ 100 ಸಿಸಿ ಬೈಕಿನ ಲೆಕ್ಕವನ್ನು ಇದಕ್ಕೆ ಹಚ್ಚಬೇಡಿ. ಹಿಂದಿನ ಶಾಕ್ ಹೆಚ್ಚು ಕುಗ್ಗುವ ಬೈಕುಗಳಲ್ಲಿ, ಗೇರ್‌ಬಾಕ್ಸಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮಿನ ಕೀಲು, ಹಿಂದಿನ ಆಕ್ಸಲ್ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿಯಾಗುತ್ತದೆ. ನಿಂತಾಗ ಅಂದವಾಗಿ ಬಿಗಿದ ಚೈನ್, ಗುಂಡಿಗೆ ಬಿದ್ದಾಗ ಗೇರ್‌ಬಾಕ್ಸಿನ ಬೇರಿಂಗನ್ನೇ ಜಗ್ಗುತ್ತದೆ. ಮುಂದಿನ ಸ್ಪ್ರಾಕೆಟ್ಟಿನ ಸುತ್ತ ಎಂಜಿನ್ ಆಯಿಲ್ ಜಿನುಗಲು ಶುರುವಾದರೆ ಆ ಪೆಟ್ಟು ಬಿದ್ದಾಗಿದೆ ಎಂದು ಅನುಮಾನಿಸಿ. ಸ್ವಲ್ಪ ಸಡಿಲವೇ ಇರಲಿ; ಬಿಗಿಗಿಂತ ಅದರಿಂದಾಗುವ ನಷ್ಟ ಕಡಿಮೆ.

ಚಕ್ರ ತಿರುಗಿಸುತ್ತಾ ನಾಲ್ಕೈದು ಕಡೆ ಅಳೆಯಿರಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋಲು ಬಂದರೆ ಚೈನ್ ಏರುಪೇರಾಗಿ ಹಿಗ್ಗಿದೆ. ಬಿಗಿ ಮಾಡಿ ಸರಿಪಡಿಸಲಾಗದು. ಹಿಂದಿನ ಸ್ಪ್ರಾಕೆಟ್ಟಿನ ಹಿಂತುದಿಯಲ್ಲಿ ಚೈನನ್ನು ಹಿಂದಕ್ಕೆ ಎಳೆದಾಗ ಹಲ್ಲಿನ ಅರ್ಧದಷ್ಟು ಕಂಡರೂ, ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೂ ಮಾತು ಅದೇ. ಬದಲಿಸುವುದಾದರೆ ಚೈನ್ ಮತ್ತು ಎರಡೂ ಸ್ಪ್ರಾಕೆಟ್ ಒಟ್ಟಿಗೆ. ಸವೆದ ಹಲ್ಲಿಗೆ ಹೊಸ ಚೈನ್ ಹಾಕಿಸಿ ಉಳಿಸಿದ ದುಡ್ಡು ಕೆಲವೇ ತಿಂಗಳಲ್ಲಿ ಮತ್ತೆ ಕೈಬಿಡುತ್ತದೆ.

ಬಿಗಿ ಮಾಡಿದ ಮೇಲೆ ಸ್ವಿಂಗ್ ಆರ್ಮಿನ ಎರಡೂ ಬದಿಯ ಗುರುತು ಒಂದೇ ಗೆರೆಯಲ್ಲಿವೆಯೇ ನೋಡಿ, ಆಕ್ಸಲ್ ನಟ್ಟನ್ನು ಟಾರ್ಕ್ ಸ್ಪ್ಯಾನರಿನಲ್ಲಿ ಮ್ಯಾನುಯಲ್ ಹೇಳಿದಷ್ಟಕ್ಕೆ ಬಿಗಿಸಿ. ಟೂಲ್ ಕಿಟ್ಟಿನ ಸ್ಪ್ಯಾನರ್ ದಾರಿಯ ಮಟ್ಟಿಗೆ ಸಾಕು, ಊರಿಗೆ ಬಂದು ಮತ್ತೊಮ್ಮೆ ಬಿಗಿಸಬೇಕು.

ಹಳ್ಳದ ನಡುವೆ ಎಂಜಿನ್ ನಿಂತುಹೋಯಿತು

ಸೆಲ್ಫ್ ಒತ್ತಬೇಡಿ. ಈ ಲೇಖನದಲ್ಲಿ ಒಂದೇ ಸಾಲು ನೆನಪಿಡುವುದಾದರೆ ಇದನ್ನು ನೆನಪಿಡಿ. ಏರ್ ಫಿಲ್ಟರ್ ದಾಟಿ ನೀರು ಸಿಲಿಂಡರಿಗೆ ಹೋಗಿದ್ದರೆ, ಗಾಳಿಯಂತೆ ಅದು ಕುಗ್ಗುವುದಿಲ್ಲ. ಮೇಲೇರುವ ಪಿಸ್ಟನ್ ನೀರಿಗೆ ಗುದ್ದಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಒಂದು ಗುಂಡಿ ಒತ್ತಿದ್ದಕ್ಕೆ ಎಂಜಿನ್ ಪೂರ್ತಿ ಬಿಚ್ಚುವ ಖರ್ಚು.

ಕೀಲಿ ಆಫ್ ಮಾಡಿ, ನ್ಯೂಟ್ರಲ್‌ಗೆ ತಂದು ದಡಕ್ಕೆ ತಳ್ಳಿ. ನೀರಿನ ಸೆಳೆತ ಹೆಚ್ಚಿದ್ದರೆ ಬೈಕು ಬಿಟ್ಟು ನೀವು ಮೊದಲು ದಡ ಸೇರಿ.

ಈಗ ಏರ್ ಫಿಲ್ಟರ್ ಪೆಟ್ಟಿಗೆ ತೆರೆಯಿರಿ. ಫಿಲ್ಟರಿನ ಒಳಮೈ, ಅಂದರೆ ಎಂಜಿನ್ ಕಡೆಯ ಮೈ ಒಣಗಿದ್ದರೆ ನೀರು ಒಳಗೆ ಹೋಗಿರುವ ಸಾಧ್ಯತೆ ತೀರಾ ಕಡಿಮೆ. ಗಾಬರಿಗೆ ಥ್ರಾಟಲ್ ಬಿಟ್ಟು ಎಂಜಿನ್ ಆಫ್ ಆಗಿರಬಹುದು, ಪ್ಲಗ್ ಕ್ಯಾಪಿಗೆ ನೀರು ಹೋಗಿರಬಹುದು. ಕ್ಯಾಪ್ ಕಿತ್ತು ಒರೆಸಿ, ಒಣಗಿಸಿ, ಸ್ಟಾರ್ಟ್ ಮಾಡಿ.

ಫಿಲ್ಟರ್ ಒದ್ದೆಯಾಗಿ, ಪೆಟ್ಟಿಗೆಯಲ್ಲಿ ನೀರು ನಿಂತಿದ್ದರೆ ಅಡಿಯ ಸಣ್ಣ ಡ್ರೈನ್ ಕೊಳವೆಯ ಮುಚ್ಚಳ ತೆಗೆದು ನೀರು ಬಸಿಯಿರಿ. ಫಿಲ್ಟರ್ ಹೊರಗೆ ತೆಗೆಯಿರಿ. ಪ್ಲಗ್ ಬಿಚ್ಚಿ. ಫ್ಯುಯಲ್ ಪಂಪಿನ ಫ್ಯೂಸ್ ಕೀಳಿ; ಇಲ್ಲವಾದರೆ ಪ್ಲಗ್ಗಿನ ತೂತಿನಿಂದ ನೀರಿನ ಜೊತೆ ಪೆಟ್ರೋಲೂ ಚಿಮ್ಮಿ ಕಿಡಿ ಸಿಕ್ಕರೆ ಹೊತ್ತಿಕೊಳ್ಳುತ್ತದೆ. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿಗೆ ತಾಗುವಂತೆ, ತೂತಿನಿಂದ ದೂರ ಇಡಿ. ಮುಖ ಪಕ್ಕಕ್ಕಿರಲಿ. ಥ್ರಾಟಲ್ ಪೂರ್ತಿ ತಿರುವಿ ಸೆಲ್ಫನ್ನು ಎರಡು ಮೂರು ಸೆಕೆಂಡಿನಂತೆ ಬಿಟ್ಟುಬಿಟ್ಟು ಒತ್ತಿ. ನೀರು ಬರುವುದು ನಿಂತ ಮೇಲೆ ಪ್ಲಗ್ ಒಣಗಿಸಿ ಹಾಕಿ, ಫ್ಯೂಸ್ ಮರಳಿ ಹಾಕಿ.

ಸ್ಟಾರ್ಟ್ ಮಾಡುವ ಮುನ್ನ ಆಯಿಲ್ ಗಾಜು (ಎಂಜಿನ್ ಬದಿಯಲ್ಲಿ ಆಯಿಲ್ ಕಾಣುವ ಕಿಂಡಿ) ನೋಡಿ. ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅಲ್ಲಿಗೆ ನಿಲ್ಲಿಸಿ. ಪಿಕಪ್ ಗಾಡಿ ಕರೆಸಿ. ನೀರು ಬೆರೆತ ಆಯಿಲ್ ಬೇರಿಂಗುಗಳನ್ನು ಕಾಯದು. ಇಂಥ ಎಂಜಿನ್ನಿಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಸ್ವಲ್ಪ ಹೊತ್ತು ನಡೆಸಿ, ಮತ್ತೊಮ್ಮೆ ಆಯಿಲ್ ಬದಲಿಸಬೇಕಾಗುತ್ತದೆ. ಸ್ಟಾರ್ಟ್ ಆದ ಎಂಜಿನ್ನಿನಿಂದ ಹೊಸದಾಗಿ ಬಡಿಯುವ ಸದ್ದು ಬಂದರೂ ಅಷ್ಟೇ, ಬಂದ್ ಮಾಡಿ.

ಇದೆಲ್ಲ ತಪ್ಪಬೇಕಾದರೆ ಇಳಿಯುವ ಮೊದಲು ನಡೆದು ನೋಡಬೇಕು. ಚಕ್ರದ ಆಕ್ಸಲ್ ಮಟ್ಟದ ನೀರು, ಗಟ್ಟಿ ತಳ ಇದ್ದರೆ ಒಂದನೇ ಗೇರಿನಲ್ಲಿ ಒಂದೇ ಸಮನೆ ದಾಟಬಹುದು. ಅದಕ್ಕಿಂತ ಆಳ ಹಗುರ ಸವಾರಿಯ ಲೆಕ್ಕಕ್ಕೆ ಬರುವುದಿಲ್ಲ. ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ಹಿಡಿದು ಒಂದಷ್ಟು ದೂರ ಓಡಿಸಿ ಪ್ಯಾಡ್ ಒಣಗಿಸಿ.

ಗೇರಿಗೆ ಹಾಕಿದ ಕೂಡಲೇ ಆಫ್, ಅಥವಾ ಸ್ಟಾರ್ಟೇ ಆಗುವುದಿಲ್ಲ

ನ್ಯೂಟ್ರಲ್‌ನಲ್ಲಿ ಚೆನ್ನಾಗಿ ಓಡುತ್ತದೆ, ಗೇರಿಗೆ ಹಾಕಿದರೆ ಸಾಯುತ್ತದೆ: ನೂರಕ್ಕೆ ತೊಂಬತ್ತು ಪಾಲು ಸೈಡ್ ಸ್ಟ್ಯಾಂಡ್ ಸ್ವಿಚ್ಚೇ. ಸ್ಟ್ಯಾಂಡ್ ಮಡಚುವ ಕೀಲಿನಲ್ಲಿ ಕೆಸರು ತುಂಬಿ, ಅದು ಇನ್ನೂ ಇಳಿದಿದೆ ಎಂದೇ ಬೈಕು ತಿಳಿದಿರುತ್ತದೆ. ನೀರು ಸುರಿದು, ಸ್ಟ್ಯಾಂಡನ್ನು ಹತ್ತಾರು ಬಾರಿ ಏರಿಸಿ ಇಳಿಸಿ. ಸ್ವಿಚ್ಚಿನ ವಯರ್ ಕತ್ತರಿಸಿ ಜೋಡಿಸಿಕೊಡುವವರು ಸಿಗುತ್ತಾರೆ; ಒಪ್ಪಬೇಡಿ. ಇಳಿದ ಸ್ಟ್ಯಾಂಡ್ ಎಡ ತಿರುವಿನಲ್ಲಿ ನೆಲಕ್ಕೆ ತಾಗಿದರೆ ಬೈಕು ಎತ್ತಿ ಎಸೆಯುತ್ತದೆ.

ಬಿದ್ದ ಮೇಲೆ ಸ್ಟಾರ್ಟ್ ಆಗದಿದ್ದರೆ ಬೈಕು ನೆಟ್ಟಗೆ ನಿಲ್ಲಿಸಿ, ಕೀಲಿ ಆಫ್ ಮಾಡಿ, ಸ್ವಲ್ಪ ತಡೆದು ಮತ್ತೆ ಆನ್ ಮಾಡಿ. ಬೈಕು ಮಗುಚಿದಾಗ ಎಂಜಿನ್ ನಿಲ್ಲಿಸುವ ಸೆನ್ಸರ್ ಹೀಗೆ ಮಾಡುವವರೆಗೆ ಬಿಡುವುದಿಲ್ಲ. ಬೀಳುವಾಗ ಕೈ ತಾಗಿ ಕಿಲ್ ಸ್ವಿಚ್ ಆಫ್ ಆಗಿರುವುದೂ ಉಂಟು, ನಾಚಿಕೆ ಬೇಡ, ನೋಡಿ.

ಕೀಲಿ ಆನ್ ಮಾಡಿದರೂ ಮೀಟರಿನಲ್ಲಿ ಬೆಳಕೇ ಇಲ್ಲದಿದ್ದರೆ ಬ್ಯಾಟರಿ ಟರ್ಮಿನಲ್ ಕುಲುಕಾಟಕ್ಕೆ ಸಡಿಲವಾಗಿದೆ ಅಥವಾ ಮುಖ್ಯ ಫ್ಯೂಸ್ ಹೋಗಿದೆ. ಬೆಳಕಿದೆ, ಸೆಲ್ಫ್ ಒತ್ತಿದರೆ ‘ಟಕ್ ಟಕ್’ ಮಾತ್ರ ಎಂದಾದರೆ ಬ್ಯಾಟರಿ ಬಲಹೀನ. ಇಲ್ಲೂ ಮೊದಲು ಟರ್ಮಿನಲ್ ಬಿಗಿ ಮಾಡಿ ನೋಡಿ. ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ ಎಂದಾದರೆ ಕೀಲಿ ಆನ್ ಮಾಡಿದಾಗ ಟ್ಯಾಂಕಿನೊಳಗಿನ ಪಂಪು ಒಂದೆರಡು ಸೆಕೆಂಡು ‘ಜುಯ್’ ಎನ್ನುತ್ತದೆಯೇ ಕಿವಿಗೊಡಿ. ಸದ್ದಿಲ್ಲದಿದ್ದರೆ ಪಂಪಿನ ಫ್ಯೂಸ್. ಹೊಸ ಫ್ಯೂಸ್ ಮತ್ತೆ ಸುಟ್ಟರೆ ಎಲ್ಲೋ ವಯರ್ ಉಜ್ಜಿ ತಾಮ್ರ ತಾಗುತ್ತಿದೆ. ಹೆಚ್ಚು ಆಂಪಿಯರಿನ ಫ್ಯೂಸ್ ಹಾಕಿ ಬೆಂಕಿಗೆ ದಾರಿ ಮಾಡಬೇಡಿ, ಎಲೆಕ್ಟ್ರಿಷಿಯನ್ ಬಳಿ ಒಯ್ಯಿರಿ.

ಬ್ರೇಕ್ ಲಿವರ್ ಒಳಗೆ ಹೋಗುತ್ತದೆ, ಕಿರುಚುತ್ತದೆ

ಕಿರುಚು ಮಾತ್ರ ಇದ್ದರೆ ಪ್ಯಾಡಿನ ನಡುವೆ ಮರಳು ಸೇರಿರಬಹುದು, ತೊಳೆದರೆ ಹೋಗುತ್ತದೆ. ಲೋಹ ಲೋಹಕ್ಕೆ ಉಜ್ಜುವ ಕರಕರ ಬಂದರೆ ಪ್ಯಾಡ್ ಮುಗಿದಿದೆ. ಕೆಂಪು ಕೆಸರಿನಲ್ಲಿ ಒಂದೇ ದಿನ ಪ್ಯಾಡ್ ಗಣನೀಯವಾಗಿ ಸವೆಯಬಲ್ಲದು; ಮಳೆಗಾಲದಲ್ಲಿ ಪ್ರತಿ ಓಟದ ನಂತರ ಇಣುಕಿ ನೋಡಿ.

ಲಿವರ್ ಸ್ಪಂಜಿನಂತೆ ಮೆತ್ತಗಾಗಿ ಒಳಗೆ ಹೋದರೆ ಪೈಪಿನಲ್ಲಿ ಗಾಳಿ ಇದೆ, ಅಥವಾ ನೀರು ಹೀರಿದ ಹಳೆಯ ಬ್ರೇಕ್ ಆಯಿಲ್ ಉದ್ದ ಇಳಿಜಾರಿನಲ್ಲಿ ಕುದಿದಿದೆ. ಘಾಟಿ ಇಳಿಯುತ್ತಿದ್ದರೆ ಗೇರ್ ಇಳಿಸಿ ಎಂಜಿನ್ ಹಿಡಿತದಲ್ಲಿ ನಿಲ್ಲಿಸಿ, ತಣಿಯಲು ಬಿಡಿ. ತಣಿದ ಮೇಲೆ ಲಿವರ್ ಗಟ್ಟಿಯಾದರೂ ಆಯಿಲ್ ಬದಲಿಸಲೇಬೇಕು. ಬೈಕಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯದನ್ನೇ, ಸಾಮಾನ್ಯವಾಗಿ ಡಾಟ್ 4, ಸೀಲ್ ಒಡೆಯದ ಡಬ್ಬಿಯಿಂದ, ಎರಡು ವರ್ಷಕ್ಕೊಮ್ಮೆಯಾದರೂ ಹಾಕಿಸಿ. ಗಾಳಿ ತೆಗೆದು ಅಭ್ಯಾಸವಿಲ್ಲದವರು ಈ ಕೆಲಸವನ್ನು ಬ್ರೇಕಿನ ಮೇಲೆ ಕಲಿಯಬೇಡಿ. ಲಿವರ್ ಹಿಡಿಗೆ ತಾಗುವ ಬೈಕನ್ನು ಗ್ಯಾರೇಜಿನವರೆಗೂ ಓಡಿಸಬಾರದು.

ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ನೋಡುವ ವ್ಯವಸ್ಥೆ) ದೀಪ ಕೀಲಿ ಆನ್ ಮಾಡಿದಾಗ ಹೊತ್ತಿ, ಬೈಕು ಸ್ವಲ್ಪ ಚಲಿಸಿದ ಮೇಲೆ ಆರುವುದು ಸರಿಯಾದ ನಡೆ. ಕೆಸರಿನ ನಂತರ ಆರದಿದ್ದರೆ ಚಕ್ರದ ಬಳಿಯ ಸೆನ್ಸರ್, ತೂತುಗಳಿರುವ ಉಂಗುರ ತೊಳೆಯಿರಿ. ದೀಪ ಉಳಿದರೂ ಸಾಮಾನ್ಯವಾಗಿ ಬ್ರೇಕ್ ಹಿಡಿಯುತ್ತದೆ, ಆದರೆ ಚಕ್ರ ಲಾಕ್ ಆಗುವುದನ್ನು ತಡೆಯುವವರು ಯಾರೂ ಇಲ್ಲ.

ಮುಂದಿನ ಫೋರ್ಕಿನಲ್ಲಿ ಎಣ್ಣೆಯ ಉಂಗುರ

ಒರೆಸಿ, ಮುಂದಿನ ಬ್ರೇಕ್ ಹಿಡಿದು ನಾಲ್ಕೈದು ಬಾರಿ ಜೋರಾಗಿ ಒತ್ತಿ. ತೆಳು ಪಸೆ ಸಹಜ. ಮತ್ತೆ ಉಂಗುರ ಮೂಡಿದರೆ ಸೋರಿಕೆ. ಆಯಿಲ್ ಸೀಲಿನ ತುಟಿಗೆ ಮಣ್ಣಿನ ಕಣ ಸಿಕ್ಕಿರಬಹುದು. ಮೇಲಿನ ದೂಳಿನ ಸೀಲನ್ನು ಸರಿಸಿ, ಹಳೆಯ ಎಕ್ಸ್-ರೇ ಫಿಲ್ಮಿನ ಪಟ್ಟಿಯ ತುದಿಯನ್ನು ಸಣ್ಣ ಕೊಕ್ಕೆಯಂತೆ ಕತ್ತರಿಸಿ, ಒಳಗೆ ತೂರಿಸಿ ಸುತ್ತಲೂ ಎಳೆದರೆ ಕಣ ಹೊರಬರುತ್ತದೆ. ಅದಕ್ಕೂ ನಿಲ್ಲದಿದ್ದರೆ ಸೀಲ್ ಬದಲಿಸಿ. ಫೋರ್ಕ್ ಕೊಳವೆಯ ಹೊಳಪಿನ ಮೇಲೆ ತುಕ್ಕಿನ ಚುಕ್ಕೆ, ಗೀರು ಉಗುರಿಗೆ ಸಿಗುತ್ತಿದ್ದರೆ ಹೊಸ ಸೀಲೂ ಬಾಳದು.

ಎಣ್ಣೆ ಡಿಸ್ಕಿನ ಮೇಲೆ ಇಳಿದಿದ್ದರೆ ಓಡಿಸಬೇಡಿ. ಡಿಸ್ಕನ್ನು ಬ್ರೇಕ್ ಕ್ಲೀನರಿನಿಂದ ಒರೆಸಬಹುದು, ಎಣ್ಣೆ ಕುಡಿದ ಪ್ಯಾಡ್ ಹೊಸದೇ ಬೇಕು. ಒಲೆಯ ಮೇಲೆ ಸುಟ್ಟು ಎಣ್ಣೆ ತೆಗೆಯುವ ಉಪಾಯವನ್ನು ನಂಬಬೇಡಿ.

ಎಂಜಿನ್ ಅಬ್ಬರಿಸುತ್ತದೆ, ಬೈಕು ಏರುವುದಿಲ್ಲ

ಕ್ಲಚ್ ಜಾರುತ್ತಿದೆ. ಲಿವರಿನ ತುದಿಯಲ್ಲಿ 10ರಿಂದ 15 ಮಿ.ಮೀ. ಸಡಿಲ ಆಟ ಇದೆಯೇ ನೋಡಿ. ಬಿದ್ದಾಗ ಲಿವರ್ ಬಾಗಿ ಈ ಆಟ ಇಲ್ಲದಾಗಿರುತ್ತದೆ, ಆಗ ಕೇಬಲಿನ ಹೊಂದಾಣಿಕೆ ಸಾಕು. ನಂತರದ ಪ್ರಶ್ನೆ, ಯಾವ ಆಯಿಲ್ ಹಾಕಿಸಿದ್ದೀರಿ? ಕಾರಿನ ಆಯಿಲ್ ಈ ಕ್ಲಚ್ಚಿಗೆ ಆಗಿಬರದು, ಡಬ್ಬಿಯ ಮೇಲೆ ಜಾಸೊ ಎಂಎ ಅಥವಾ ಎಂಎ2 (ಬೈಕ್ ಆಯಿಲಿನ ದರ್ಜೆಯ ಗುರುತು) ಎಂದಿರಬೇಕು. ಇವೆರಡೂ ಸರಿಯಿದ್ದರೆ ಪ್ಲೇಟುಗಳು ಸವೆದಿವೆ. ಏರಿನಲ್ಲಿ ಅರ್ಧ ಕ್ಲಚ್ ಹಿಡಿದು ಸುಟ್ಟ ವಾಸನೆ ಬಂದರೆ ಹದಿನೈದು ಇಪ್ಪತ್ತು ನಿಮಿಷ ನಿಲ್ಲಿಸಿ. ಆ ಹೊತ್ತಿನಲ್ಲಿ ಎಂಜಿನ್ ರೆಕ್ಕೆ, ಆಯಿಲ್ ಕೂಲರಿಗೆ ಮೆತ್ತಿದ ಕೆಸರು ತೆಗೆಯಬಹುದು, ಬಿಸಿ ಆರಿದ ಮೇಲೆ.

ಎಲ್ಲ ಸರಿಯಿದೆ, ಆದರೂ ಬೀಳುತ್ತಲೇ ಇದ್ದೇನೆ

ಇದಕ್ಕೆ ಸ್ಪ್ಯಾನರ್ ಇಲ್ಲ. ಬೈಕೇ ನಿಮಗೆ ಒಗ್ಗುತ್ತಿಲ್ಲ. ಎಕ್ಸ್‌ಪಲ್ಸ್ 200 4ವಿಯ ಸೀಟು 825 ಮಿ.ಮೀ. ಎತ್ತರ, ತೂಕ ಸುಮಾರು 160 ಕೆಜಿ. ಈಗ ಹೊಸದಾಗಿ ಸಿಗದ ಹಿಮಾಲಯನ್ 411ರ ಸೀಟು 800 ಮಿ.ಮೀ., ಆದರೆ ತೂಕ 200 ಕೆಜಿಯ ಹತ್ತಿರ. ಎರಡರದೂ ನೆಲದಿಂದ ಎತ್ತರ 220 ಮಿ.ಮೀ. ಕಾಲು ಚೆನ್ನಾಗಿ ಊರಬೇಕೆಂದರೆ ಎರಡನೆಯದು, ಒಬ್ಬರೇ ಎತ್ತಿ ನಿಲ್ಲಿಸಬೇಕೆಂದರೆ ಮೊದಲನೆಯದು. ಒಂಟಿಯಾಗಿ ತೋಟದ ದಾರಿ ಹಿಡಿಯುವವರಿಗೆ ಆ 40 ಕೆಜಿಯೇ ದೊಡ್ಡ ಮಾತು. ಗದಗ, ವಿಜಯಪುರದ ಕಡೆಯ ಎರೆಮಣ್ಣಿನಲ್ಲಿ ಓಡಿಸುವವರು ಮುಂದಿನ ಮಡ್‌ಗಾರ್ಡನ್ನೂ ನೋಡಿ: ಹಿಮಾಲಯನ್ 411ರಂತೆ ಟೈರಿಗೆ ಹತ್ತಿರವಾಗಿ ಇದ್ದರೆ ಒದ್ದೆ ಕರಿಮಣ್ಣು ಅಲ್ಲಿ ಗಟ್ಟಿಯಾಗಿ ಕೂತು ಚಕ್ರವೇ ತಿರುಗದಂತೆ ಮಾಡುತ್ತದೆ.

ಹಳೆಯ ಬೈಕು ಕೊಳ್ಳುವುದಾದರೆ ಬಣ್ಣ, ಸ್ಟಿಕರ್ ಬಿಟ್ಟು ಅಡಿಗೆ ಬಗ್ಗಿ. ಎಂಜಿನ್ ಅಡಿಯ ರಕ್ಷಾ ತಗಡಿನಲ್ಲಿ ಗೀರು ಇದ್ದರೆ ತೊಂದರೆಯಿಲ್ಲ, ಅದು ಇರುವುದೇ ಅದಕ್ಕೆ. ತಗಡು ಹೊಚ್ಚಹೊಸದಾಗಿದ್ದು ಅದರ ಹಿಂದಿನ ಫ್ರೇಮಿನ ಕೊಳವೆ ನಜ್ಜಾಗಿದ್ದರೆ ಯಾಕೆಂದು ಕೇಳಬೇಕು. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಫೋರ್ಕ್ ತಾಗಿ ನಿಲ್ಲುವ ಫ್ರೇಮಿನ ಗುಬ್ಬಿ ಮುರಿದಿದೆಯೇ, ಬೆಸುಗೆ ಹಾಕಿದೆಯೇ ನೋಡಿ. ಕಡ್ಡಿಗಳನ್ನು ತಟ್ಟಿ ಕೇಳಿ, ಆಯಿಲ್ ಗಾಜು ನೋಡಿ, ಸೀಟು ಬಿಚ್ಚಿ ಏರ್ ಫಿಲ್ಟರ್ ಪೆಟ್ಟಿಗೆಯ ತಳಕ್ಕೆ ಬೆರಳು ಹಾಕಿ. ಅಲ್ಲಿ ಒಣಗಿದ ಕೆಸರಿನ ಪದರ ಸಿಕ್ಕರೆ ಆ ಬೈಕು ನೀರಿನಲ್ಲಿ ಮುಳುಗಿ ಎದ್ದದ್ದು. ಎಂಜಿನ್ ತೆರೆದು ನೋಡುವ ಖರ್ಚನ್ನು ಬೆಲೆಯಿಂದ ಕಳೆಯದೆ ಕೊಳ್ಳಬೇಡಿ.